ಮಾರಿಸ್ ಮೈನರ್‌ಗೆ ಆಲ್ಟರ್ನೇಟರ್ ಜೋಡಿಸುವ ಕ್ರಮ

1960ರ ದಶಕದ ಮಾರಿಸ್ ಮೈನರ್ 1000 ಕಾರಿನಲ್ಲಿ ಬ್ಯಾಟರಿಯನ್ನು ಚಾರ್ಜ್ ಮಾಡುವುದು ಲೂಕಾಸ್ ಸಿ40 ಡೈನಮೊ. ಅದು ಕೊಡುವುದು ಹೆಚ್ಚೆಂದರೆ 22 ಆಂಪಿಯರ್. ಎಂಜಿನ್ ಐಡ್ಲಿಂಗ್‌ನಲ್ಲಿದ್ದಾಗ ಹೆಚ್ಚುಕಡಿಮೆ ಏನೂ ಇಲ್ಲ. ಮಳೆಗಾಲದ ಸಂಜೆ ಬೆಂಗಳೂರಿನ ಸಿಗ್ನಲ್‌ನಲ್ಲಿ ದೀಪ, ವೈಪರ್ ಹಾಕಿಕೊಂಡು ನಿಂತರೆ, 60 ವಾಟ್‌ನ ಎರಡು ಹೆಡ್‌ಲೈಟ್‌ಗಳೇ 10 ಆಂಪಿಯರ್ ಎಳೆಯುವುದರಿಂದ, ಆ ಹೊರೆಯೆಲ್ಲ ಬ್ಯಾಟರಿಯ ಮೇಲೆಯೇ ಬೀಳುತ್ತದೆ. ಅದಕ್ಕೇ ಡೈನಮೊ ತೆಗೆದು, ಐಡ್ಲಿಂಗ್‌ನಲ್ಲಿಯೂ ಚಾರ್ಜ್ ಮಾಡಬಲ್ಲ ಆಲ್ಟರ್ನೇಟರ್ ಹಾಕುವ ಯೋಚನೆ ಬರುತ್ತದೆ.

ಆದರೂ ಮೊದಲು ಡೈನಮೊವನ್ನು ಪರೀಕ್ಷಿಸಬೇಕು. ಅದರ ಡಿ (ವಿದ್ಯುತ್ ಹೊರಬರುವ ದಪ್ಪ ವೈರು) ಮತ್ತು ಎಫ್ (ಒಳಗಿನ ಕಾಂತ ಸುರುಳಿಯ ತೆಳು ವೈರು) ವೈರುಗಳನ್ನು ಬಿಚ್ಚಿ, ಆ ಎರಡು ಟರ್ಮಿನಲ್‌ಗಳನ್ನು ತುಂಡು ವೈರಿನಿಂದ ಸೇರಿಸಿ, ಅಲ್ಲಿಗೂ ಕಾರಿನ ಲೋಹದ ಬಾಡಿಗೂ ನಡುವೆ ವೋಲ್ಟ್‌ಮೀಟರ್ ಹಿಡಿಯಿರಿ. ಎಂಜಿನ್ ವೇಗವನ್ನು ಮೆಲ್ಲಗೆ ಏರಿಸಿದಂತೆ ಮುಳ್ಳು ಎಲ್ಲೂ ತಡೆಯದೆ ಏರಿ 20 ವೋಲ್ಟ್ ಸಮೀಪಿಸಿದರೆ ಡೈನಮೊ ಚೆನ್ನಾಗಿದೆ. ಅಲ್ಲಿಗೇ ನಿಲ್ಲಿಸಿ, ಇನ್ನೂ ರೇಸ್ ಮಾಡಿದರೆ ಒಳಗಿನ ವೈಂಡಿಂಗ್ ಸುಡುತ್ತದೆ. ದೋಷ ಸಡಿಲ ಬೆಲ್ಟ್‌ನಲ್ಲಿಯೋ ಡೈನಮೊದ ಚಾರ್ಜಿಂಗನ್ನು ನಿಯಂತ್ರಿಸುವ ಪೆಟ್ಟಿಗೆಯಾದ ಕಟೌಟ್‌ನಲ್ಲಿಯೋ ಇದ್ದು, ಕಾರು ಹಗಲು ಮಾತ್ರ ಓಡಾಡುವುದಾದರೆ, ಆ ದುರಸ್ತಿಯೇ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ.

ಬದಲಿಸಲೇಬೇಕೆಂದಾದರೆ, ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ಒಳಗೇ ಇರುವ, 36 ಆಂಪಿಯರ್‌ನ ಲೂಕಾಸ್ 17ಎಸಿಆರ್‌ನಂಥ ಸಣ್ಣ ಆಲ್ಟರ್ನೇಟರ್ ಈ ಕಾರಿಗೆ ಧಾರಾಳವಾಯಿತು.

ಅತ್ಯಂತ ಎಚ್ಚರ ಬೇಡುವ ಕೆಲಸ ಅರ್ತ್ ಬದಲಾವಣೆಯದು. ಈ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಲೋಹದ ಬಾಡಿಗೆ ಸೇರಿರುತ್ತದೆ (ಇದೇ ಅರ್ತ್), ಆಲ್ಟರ್ನೇಟರ್‌ಗೆ ನೆಗೆಟಿವ್ ಅರ್ತ್ ಬೇಕು. ಇದನ್ನು ಮರೆತು ಜೋಡಿಸಿದರೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಳಗಿನ ಡಯೋಡ್‌ಗಳು ಕ್ಷಣಮಾತ್ರದಲ್ಲಿ ಹಾಳಾಗುತ್ತವೆ. ಬ್ಯಾಟರಿಯನ್ನು ತಿರುಗಿಸಿ ಇಡುವಾಗ, ಪಾಸಿಟಿವ್ ಕಂಬ ನೆಗೆಟಿವ್‌ಗಿಂತ ದಪ್ಪವಾಗಿರುವ ಕಾರಣ, ಕೇಬಲ್ ಕ್ಲಾಂಪ್‌ಗಳನ್ನೂ ಬದಲಿಸಬೇಕಾಗುತ್ತದೆ. ಇಗ್ನಿಷನ್ ಕಾಯಿಲ್‌ನ ಎರಡು ಸಣ್ಣ ವೈರುಗಳನ್ನು ಅದಲುಬದಲು ಮಾಡಿ; ಇಲ್ಲವಾದರೆ ಕಾರು ಓಡುತ್ತದೆ, ಆದರೆ ಕಿಡಿ ದುರ್ಬಲವಾಗುತ್ತದೆ. ಆಮ್ಮೀಟರ್ ಇದ್ದರೆ ಅದರ ವೈರುಗಳೂ ಹಾಗೆಯೇ. ಸ್ಟಾರ್ಟರ್ ಮೋಟರ್‌ಗೆ ಇದರಿಂದ ಬಾಧೆಯಿಲ್ಲ. ಆದರೆ ಆಮೇಲೆ ಹಾಕಿಸಿದ ರೇಡಿಯೊ, ಕಾಯಂ ಅಯಸ್ಕಾಂತವಿರುವ ಫ್ಯಾನ್ ಮೋಟರ್, ಡಯೋಡ್ ಇರುವ ಎಸ್‌ಯು ಕಂಪನಿಯ ವಿದ್ಯುತ್ ಪೆಟ್ರೋಲ್ ಪಂಪ್ ಇವುಗಳನ್ನು ಒಂದೊಂದಾಗಿ ನೋಡಿಯೇ ಮುಂದುವರಿಯಬೇಕು.

ನಂತರ ಬ್ಯಾಟರಿ ಬಿಚ್ಚಿಟ್ಟು ವೈರಿಂಗ್‌ಗೆ ಕೈಹಾಕಿ. ಆಲ್ಟರ್ನೇಟರ್‌ನ ದಪ್ಪ ಟರ್ಮಿನಲ್‌ನಿಂದ ಸ್ಟಾರ್ಟರ್ ಸೊಲೆನಾಯ್ಡ್‌ನ (ಸ್ಟಾರ್ಟರ್ ಮೋಟರಿನ ದೊಡ್ಡ ಸ್ವಿಚ್) ಬ್ಯಾಟರಿ ಬದಿಗೆ 6 ಚದರ ಮಿಲಿಮೀಟರಿನ ಹೊಸ ವೈರನ್ನು ಫ್ಯೂಸ್ ಸಹಿತ ಎಳೆಯಿರಿ; ಡೈನಮೊದ ಹಳೆಯ ದಪ್ಪ ಡಿ ವೈರನ್ನು ನಂಬಬೇಡಿ, ಅದರ ಎರಡೂ ತುದಿಗಳಿಗೆ ಇನ್ಸುಲೇಷನ್ ಸುತ್ತಿಬಿಡಿ. ಕಟೌಟ್‌ನಿಂದ ಬಿಚ್ಚಿದ ಎ ಮತ್ತು ಎ1 ವೈರುಗಳನ್ನು ಒಟ್ಟು ಸೇರಿಸಿ. ಕಟೌಟ್‌ನ ಡಿ ಟರ್ಮಿನಲ್‌ನಲ್ಲಿದ್ದ, ಡ್ಯಾಶ್‌ಬೋರ್ಡಿನ ಕೆಂಪು ದೀಪದಿಂದ ಬರುವ ತೆಳು ವೈರನ್ನು ಎಫ್ ವೈರಿಗೆ ಸೇರಿಸಿ, ಅದರ ಇನ್ನೊಂದು ತುದಿಯನ್ನು ಆಲ್ಟರ್ನೇಟರ್‌ನ ದೀಪದ ಟರ್ಮಿನಲ್‌ಗೆ ಕೊಡಿ. ಆ ದೀಪಕ್ಕೆ ಎಲ್‌ಇಡಿ ಹಾಕಬೇಡಿ: ಚಾರ್ಜಿಂಗ್ ಆರಂಭವಾಗಲು ಬೇಕಾದ ಅಲ್ಪ ವಿದ್ಯುತ್ ಹರಿಯುವುದು 2.2 ವಾಟ್‌ನ ಆ ಪುಟ್ಟ ಬಲ್ಬಿನ ಮೂಲಕವೇ. ಜೋಡಣೆಗೆಲ್ಲ ಸ್ಕ್ರೂ ಕನೆಕ್ಟರ್ ಬಳಸಿ, ಮೂಲ ವೈರುಗಳನ್ನು ಎಲ್ಲಿಯೂ ಕತ್ತರಿಸಬೇಡಿ.

ಆಲ್ಟರ್ನೇಟರ್ ಡೈನಮೊಗಿಂತ ಗಿಡ್ಡವಾದ್ದರಿಂದ ಬ್ರಾಕೆಟ್‌ಗೆ ವಾಷರ್‌ಗಳನ್ನು ಹಾಕಿ ಕೂರಿಸಬೇಕಾಗುತ್ತದೆ. ಕ್ರ್ಯಾಂಕ್, ವಾಟರ್ ಪಂಪ್, ಆಲ್ಟರ್ನೇಟರ್ ಈ ಮೂರರ ಪುಲ್ಲಿಗಳೂ ಒಂದೇ ನೇರದಲ್ಲಿವೆಯೇ ಎಂಬುದನ್ನು ಉಕ್ಕಿನ ಸ್ಕೇಲ್ ಇಟ್ಟು ನೋಡಿ. ಬೆಲ್ಟ್‌ನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 12 ಮಿಲಿಮೀಟರ್ ತಗ್ಗಬೇಕು.

ಎಂಜಿನ್ ಚಾಲೂ ಮಾಡಿ, ವೇಗ ಸ್ವಲ್ಪ ಏರಿಸಿದಾಗ ಕೆಂಪು ದೀಪ ಆರಿ, ಹೆಡ್‌ಲೈಟ್ ಹಾಕಿದರೂ ಬ್ಯಾಟರಿಯ ತುದಿಗಳಲ್ಲಿ 13.8ರಿಂದ 14.4 ವೋಲ್ಟ್ ಬರಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರನ್ನು ತೆಗೆದು ನೋಡುವ ಡೈನಮೊ ಕಾಲದ ಅಭ್ಯಾಸ ಇಲ್ಲಿ ಸಲ್ಲದು, ಡಯೋಡ್‌ಗಳು ಹೋಗುತ್ತವೆ.

ಕೇಂದ್ರ ಸರ್ಕಾರದ 2021ರ ನಿಯಮಗಳು 50 ವರ್ಷ ದಾಟಿದ, ಮೂಲ ಸ್ವರೂಪ ಉಳಿಸಿಕೊಂಡ ವಾಹನಗಳನ್ನಷ್ಟೇ ವಿಂಟೇಜ್ ಎಂದು ಮಾನ್ಯ ಮಾಡುತ್ತವೆ. ಆದ್ದರಿಂದ ಬಿಚ್ಚಿದ ಡೈನಮೊ, ಕಟೌಟ್, ಬ್ರಾಕೆಟ್‌ಗಳನ್ನು ಗುಜರಿಗೆ ಹಾಕದೆ, ಚೀಟಿ ಅಂಟಿಸಿ ಒಣ ಜಾಗದಲ್ಲಿ ಇಡಿ. ಮುಂದೆಂದಾದರೂ ನೆಗೆಟಿವ್ ಅರ್ತ್‌ನಲ್ಲಿಯೇ ಡೈನಮೊವನ್ನು ಮರುಜೋಡಿಸುವುದಾದರೆ, ಅದರ ಎಫ್ ವೈರನ್ನು ಹಾಕುವ ಮುನ್ನ ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ವೈರನ್ನು ಎಫ್ ಟರ್ಮಿನಲ್‌ಗೆ ಎರಡು ಮೂರು ಬಾರಿ ಕ್ಷಣಕಾಲ ಮುಟ್ಟಿಸಿ. ಡೈನಮೊದ ಕಾಂತತ್ವ ಹೊಸ ದಿಕ್ಕಿಗೆ ತಿರುಗುತ್ತದೆ.