ನೀರು ಎಲ್ಲಿಂದ ಬರ್ತಿದೆ ಅಂತ ಮೊದಲು ನೋಡಿ: ನಮ್ಮ ಬೇಸ್‌ಮೆಂಟಿನ ಅನುಭವ

2022ರ ಸೆಪ್ಟೆಂಬರ್ 4, ಭಾನುವಾರ. ಗಣೇಶನ ಹಬ್ಬ ಮುಗಿದು ನಾಲ್ಕು ದಿನ ಆಗಿತ್ತು. ರಾತ್ರಿ ಒಂದು ಗಂಟೆಗೆ ನಮ್ಮ ವಾಚ್‌ಮನ್ ಬಂದು ಬಾಗಿಲು ಬಡಿದರು. "ಅಕ್ಕಾ, ಕೆಳಗೆ ನೀರು ನುಗ್ತಾ ಇದೆ, ಬೇಗ ಬನ್ನಿ." ಮೆಟ್ಟಿಲ ಅರ್ಧಕ್ಕೆ ಇಳಿದು ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಕೆಳಗಿನ ಮೂರು ಮೆಟ್ಟಿಲು ಕಾಣಲೇ ಇಲ್ಲ. ಯಾವುದೋ ಮಗುವಿನ ಸೈಕಲ್ಲಿನ ಹ್ಯಾಂಡಲ್ ಮಾತ್ರ ನೀರಿನ ಮೇಲೆ ಎದ್ದಿತ್ತು. ಅದರಾಚೆ ಗೋಡೆಯಲ್ಲಿ ಮೀಟರ್ ಬೋರ್ಡು. ನೀರಿಗೂ ಅದಕ್ಕೂ ಒಂದು ಗೇಣು ಅಂತರ ಅಷ್ಟೇ.

ಅವರು ಪ್ಯಾಂಟು ಮಡಚಿಕೊಂಡು ಇಳಿಯೋಕೆ ಹೊರಟಿದ್ದರು, ಮೋಟಾರ್ ಹಾಕಿಬಿಡ್ತೀನಿ ಅಂತ. ನಾನು ತೋಳು ಹಿಡಿದು ನಿಲ್ಲಿಸಿದೆ. ಮೇನ್ ಸ್ವಿಚ್ಚೂ ಕೆಳಗೇ ಇತ್ತು, ಅದನ್ನು ಆರಿಸಬೇಕಾದರೂ ನೀರಿಗೆ ಇಳಿಯಲೇಬೇಕು. 1912ಕ್ಕೆ ಫೋನ್ ಮಾಡಿ, ಲೈನ್‌ಮ್ಯಾನ್ ಬಂದು ಕಂಬದಲ್ಲೇ ಕರೆಂಟ್ ತೆಗೆಯುವವರೆಗೆ ಯಾರನ್ನೂ ಇಳಿಯೋಕೆ ಬಿಡಲಿಲ್ಲ. ಕಾರು ಹೋಯ್ತು, ಸ್ಕೂಟರ್ ಹೋಯ್ತು ಅಂತ ಕೆಲವರು ಬೇಜಾರು ಮಾಡಿಕೊಂಡರು. ಆದರೆ 2025ರ ಮೇ ತಿಂಗಳಲ್ಲಿ ಬಿಟಿಎಂ ಲೇಔಟ್ ಕಡೆ ಒಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಿಂದ ನೀರು ಹೊರಹಾಕೋಕೆ ಹೋಗಿ ಕರೆಂಟ್ ಹೊಡೆದು ಇಬ್ಬರು ತೀರಿಕೊಂಡರಲ್ಲ, ಅದರಲ್ಲಿ ಒಬ್ಬ 12 ವರ್ಷದ ಹುಡುಗ, ಆ ಸುದ್ದಿ ಓದಿದ ದಿನ ನನಗೆ ಆ ರಾತ್ರಿಯೇ ಕಣ್ಣಮುಂದೆ ಬಂತು. ಹಾಗಾಗಿ ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ. ಕರೆಂಟ್ ತೆಗೆದಿದ್ದಾರೆ ಅಂತ ಖಾತ್ರಿ ಆಗುವ ತನಕ ನೀರಿಗೆ ಕಾಲಿಡಬೇಡಿ.

ನಮ್ಮದು ಹೊರಮಾವು ಕಡೆ 12 ಮನೆಗಳ ಚಿಕ್ಕ ಅಪಾರ್ಟ್‌ಮೆಂಟ್. ಆಗ ನಾನು ಸಂಘದ ಕಾರ್ಯದರ್ಶಿ. ಸೋಮವಾರ ಬೆಳಿಗ್ಗೆಗೆ ಮುಗಿದ 24 ಗಂಟೆಯಲ್ಲಿ ಬೆಂಗಳೂರಿನಲ್ಲಿ 131.6 ಮಿ.ಮೀ. ಮಳೆ ಅಂತ ಆಮೇಲೆ ಪೇಪರಿನಲ್ಲಿ ಬಂತು. ಡೀಸೆಲ್ ಪಂಪು ಬಾಡಿಗೆಗೆ ತಂದು ಎರಡು ದಿನ ನೀರು ತೆಗೆದೆವು. ಪಂಪನ್ನು ರಸ್ತೆ ಮಟ್ಟದಲ್ಲೇ ಇಟ್ಟು ಪೈಪ್ ಮಾತ್ರ ಕೆಳಗೆ ಬಿಟ್ಟಿದ್ದೆವು, ಯಾಕಂದರೆ ಅದರ ಹೊಗೆ ಬೇಸ್‌ಮೆಂಟಿನಲ್ಲಿ ತುಂಬಿಕೊಂಡರೆ ಜೀವಕ್ಕೇ ಅಪಾಯ. ಒಂದೇ ಸಲಕ್ಕೆ ಪೂರ್ತಿ ಖಾಲಿ ಮಾಡಲಿಲ್ಲ. ಹೊರಗಿನ ಮಣ್ಣು ನೆನೆದು ಭಾರವಾಗಿರುತ್ತೆ, ಒಳಗಿನ ನೀರನ್ನು ಒಮ್ಮೆಲೇ ತೆಗೆದರೆ ಗೋಡೆ ಒಳಕ್ಕೆ ಬಾಗಬಹುದು ಅಂತ ಮೇಸ್ತ್ರಿ ಹೇಳಿದ್ದರು. ಸ್ವಲ್ಪ ಇಳಿಸಿ, ಬಿಟ್ಟು, ಮತ್ತೆ ಇಳಿಸಿದೆವು.

ನೀರು ಖಾಲಿಯಾದ ಮೇಲೆ ಅಸಲಿ ಕೆಲಸ ಶುರುವಾಯ್ತು. ಅವತ್ತು ನಮ್ಮ ಬೇಸ್‌ಮೆಂಟಿಗೆ ಬಂದಿದ್ದು ಒಂದು ನೀರಲ್ಲ, ಮೂರು. ರಸ್ತೆಯಿಂದ ರ‍್ಯಾಂಪ್ ಇಳಿದು ಬಂದದ್ದು ಒಂದು, ಅದನ್ನು ಎಲ್ಲರೂ ನೋಡಿದ್ದರು. ವಾಚ್‌ಮನ್ ಬಚ್ಚಲಿನ ಜಾಲರಿಯಿಂದ ಉಕ್ಕಿದ್ದು ಇನ್ನೊಂದು, ಅದರ ವಾಸನೆಯೇ ಹೇಳುತ್ತಿತ್ತು ಇದು ಮೋರಿ ನೀರು ಅಂತ. ಮೂರನೆಯದು ಗೋಡೆಯದ್ದು. ಮಳೆ ನಿಂತು 11 ದಿನ ಆದರೂ ಹಿಂದಿನ ಗೋಡೆಯ ಬುಡದಲ್ಲಿ ನೀರು ಒಸರುತ್ತಲೇ ಇತ್ತು. ವರ್ಷವರ್ಷವೂ ಅಲ್ಲಿ ಪ್ಲಾಸ್ಟರ್ ಉದುರುತ್ತಿತ್ತು, ಬಿಳೀ ಉಪ್ಪು ಏಳುತ್ತಿತ್ತು. ಕೈಯಲ್ಲಿ ಸವರಿದರೆ ಪುಡಿ ಪುಡಿ.

ಆ ಗೋಡೆಗೆ ಮೊದಲೇ ಎರಡು ಸಲ ಒಳಗಿನಿಂದ ವಾಟರ್‌ಪ್ರೂಫ್ ಕೋಟಿಂಗ್ ಹೊಡೆಸಿದ್ದೆವು. ಎರಡೂ ಸಲ ಒಂದೇ ಮಳೆಗಾಲಕ್ಕೆ ಗುಳ್ಳೆ ಎದ್ದು ಚಕ್ಕೆ ಚಕ್ಕೆಯಾಗಿ ಕಿತ್ತುಬಂತು. ಯಾಕೆ ಅಂತ ಈಗ ಗೊತ್ತು. ಗೋಡೆಯ ಹಿಂದೆ ಒಂದು ಮೀಟರ್ ಎತ್ತರಕ್ಕೆ ನೀರು ನಿಂತರೆ ಬುಡದಲ್ಲಿ ಚದರ ಮೀಟರಿಗೆ ಸುಮಾರು 1000 ಕೆ.ಜಿ. ಒತ್ತಡ ಬೀಳುತ್ತೆ. ಅದು ಹಿಂದಿನಿಂದ ತಳ್ಳುತ್ತಾ ಇರುವಾಗ ಮುಂದೆ ಬಳಿದ ಬಣ್ಣದಂಥ ಪದರ ಎಷ್ಟು ದಿನ ತಡೆದೀತು? ಮೂರನೇ ಸಲಕ್ಕೂ ಕೊಟೇಶನ್ ಬಂದಿತ್ತು. ನಾನು ಬೇಡ ಅಂದೆ. ಮೊದಲು ಇದು ಯಾವ ನೀರು ಅಂತ ತಿಳಿಯಬೇಕು ಅಂತ ಹಟ ಹಿಡಿದೆ.

ಮಾಡಿದ್ದು ತುಂಬಾ ಸರಳ. ಒಂದು ಮೊಳ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಟ್ಟೆ. ಹಾಳೆಯ ಹೊರಮೈಯಲ್ಲಿ ಹನಿ ಕೂತರೆ ಅದು ಗಾಳಿಯ ತೇವ, ಗೋಡೆ ಕಡೆಗೆ ಕೂತರೆ ಗೋಡೆಯಿಂದಲೇ ಬರ್ತಿರೋದು. ನಮ್ಮದು ಗೋಡೆ ಕಡೆ ಬೆವರಿತ್ತು. ಆಮೇಲೆ ಸಂಪು ಸೋರುತ್ತಿದೆಯಾ ಅಂತ ನೋಡಬೇಕಿತ್ತು. ಒಂದು ರಾತ್ರಿ ಮೋಟಾರ್ ಆರಿಸಿ, ಒಳಕ್ಕೆ ಬರುವ ವಾಲ್ವ್ ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಹಾಕಿ ಬೆಳಿಗ್ಗೆ ನೋಡಿದೆವು. ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಜೊತೆಗೆ ಗೋಡೆಯ ಒದ್ದೆಯ ಅಂಚಿಗೆ ದಿನಾ ಸೀಮೆಸುಣ್ಣದಲ್ಲಿ ಗೆರೆ ಎಳೆದು ತಾರೀಖು ಬರೆಯುತ್ತಾ ಬಂದೆ. ಅಕ್ಟೋಬರ್ ತುಂಬಾ ಹೀಗೇ ಮಾಡಿದೆ. ಒದ್ದೆ ಹರಡುತ್ತಿದ್ದದ್ದು ಎಡಗಡೆಯ ಒಂದೇ ಜಾಗದಿಂದ, ಅದೂ ಮಳೆ ಬಂದ ಮಾರನೇ ದಿನ.

ಅಷ್ಟರಲ್ಲಿ ಪಕ್ಕದ ಸೈಟಿನಲ್ಲಿ ಬಾವಿ ತೋಡುವವರು ಬಂದಿದ್ದರು. ಅವರಲ್ಲಿ ವಯಸ್ಸಾದ ಒಬ್ಬರನ್ನು ಕರೆದು ತೋರಿಸಿದೆ. ಅವರು ಗೋಡೆ ನೋಡಲೇ ಇಲ್ಲ. ನೇರ ಕಟ್ಟಡದ ಹಿಂದಕ್ಕೆ ಹೋಗಿ ನಮ್ಮ ಮಳೆನೀರು ಇಂಗುಗುಂಡಿಯ ಮುಚ್ಚಳದ ಮೇಲೆ ಕಾಲಿಟ್ಟು ನಿಂತರು. "ಏನಕ್ಕಾ, ಗೋಡೆ ಬುಡಕ್ಕೇ ನೀರು ಕುಡಿಸ್ತಾ ಇದ್ದೀರಲ್ಲ. ಅದು ಇನ್ನೆಲ್ಲಿಗೆ ಹೋಗಬೇಕು?"

ಗುಂಡಿ ಗೋಡೆಯಿಂದ ಮೂರೇ ಅಡಿ ದೂರ. ಇಡೀ ತಾರಸಿಯ ನೀರು ಅದಕ್ಕೇ ಬರುತ್ತೆ. ಲೆಕ್ಕ ಸುಲಭ, ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಅಂದರೆ 1 ಲೀಟರ್ ನೀರು. ನಮ್ಮ ತಾರಸಿ 3000 ಚದರ ಅಡಿ, ಅಂದರೆ ಸುಮಾರು 280 ಚದರ ಮೀಟರ್. 50 ಮಿ.ಮೀ. ಮಳೆ ಬಂದರೆ ಹತ್ತಿರ ಹತ್ತಿರ 14,000 ಲೀಟರ್. ಅಷ್ಟನ್ನೂ ನಾವೇ ಪೈಪಿನಲ್ಲಿ ತಂದು ನಮ್ಮ ಗೋಡೆಯ ಬೆನ್ನಿಗೆ ಸುರಿಯುತ್ತಿದ್ದೆವು! ಮಳೆನೀರು ಇಂಗಿಸುವುದು ತಪ್ಪಲ್ಲ, ಮಾಡಲೇಬೇಕು. ಆದರೆ ಬೇಸ್‌ಮೆಂಟ್ ಇರುವ ಮನೆಯಲ್ಲಿ ಎಲ್ಲಿ ಇಂಗಿಸ್ತೀರಿ ಅನ್ನೋದು ತುಂಬಾ ಮುಖ್ಯ. ನಿಮ್ಮ ಗುಂಡಿ ಎಲ್ಲಿದೆ, ಒಂದು ಸಲ ಹೋಗಿ ನೋಡಿ.

2023ರ ಜನವರಿಯಲ್ಲಿ, ಮಣ್ಣು ಒಣಗಿದ್ದಾಗ, ಅವರ ತಂಡವನ್ನೇ ಕರೆಸಿದೆವು. ಹಿಂದಿನ ಗುಂಡಿಗೆ ಜೇಡಿಮಣ್ಣು ತುಂಬಿ ದಮ್ಮಸು ಮಾಡಿ ಮುಚ್ಚಿದರು. ಮುಂದೆ ಗೇಟಿನ ಮೂಲೆಯಲ್ಲಿ, ಬೇಸ್‌ಮೆಂಟ್ ಗೋಡೆಯಿಂದ 20 ಅಡಿ ದೂರಕ್ಕೆ, 3 ಅಡಿ ಅಗಲ 20 ಅಡಿ ಆಳದ ಬಾವಿ ತೋಡಿ ಸಿಮೆಂಟ್ ಉಂಗುರ ಇಳಿಸಿದರು. ಉಂಗುರಗಳ ಸಂದಿಗೆ ಗಾರೆ ಹಾಕಲಿಲ್ಲ, ನೀರು ಪಕ್ಕದಿಂದಲೂ ಇಂಗಬೇಕಲ್ವಾ. ಅದರಲ್ಲಿ ಒಂದು ಸಲಕ್ಕೆ ಸುಮಾರು 4000 ಲೀಟರ್ ನಿಲ್ಲುತ್ತೆ, ಹೆಚ್ಚಾದದ್ದು ರಸ್ತೆಯ ಮಳೆ ಚರಂಡಿಗೆ ಹೋಗುವ ಹಾಗೆ ಪೈಪ್ ಕೊಟ್ಟಿದ್ದೇವೆ.

ಮೇ ತಿಂಗಳಲ್ಲಿ ಆಲಿಕಲ್ಲು ಮಳೆ ಹೊಡೆಯಿತು. ಗೋಡೆ ಒಣಗೇ ಇತ್ತು. ಆದರೆ ಗೋಡೆಯೂ ನೆಲವೂ ಕೂಡುವ ಸಂದಿಯಲ್ಲಿ ಎರಡು ಕಡೆ ಇನ್ನೂ ಹನಿ ಕಂಡಿತು. ನೆಲ ಒಂದು ದಿನ, ಗೋಡೆ ಇನ್ನೊಂದು ದಿನ ಹಾಕಿರುತ್ತಾರೆ, ಹಾಗಾಗಿ ಆ ಜೋಡಣೆ ಯಾವತ್ತೂ ಬಲಹೀನ. ಅಲ್ಲಿಗೆ ಪಿಯು (ಪಾಲಿಯುರೆಥೇನ್) ಇಂಜೆಕ್ಷನ್ ಮಾಡಿಸಿದೆವು. ಗೇಣಿಗೊಂದರಂತೆ ಓರೆಯಾಗಿ ತೂತು ಕೊರೆದು, ನಾಜಲ್ ಕೂರಿಸಿ, ಪಂಪಿನಿಂದ ಜೇನಿನ ಬಣ್ಣದ ದ್ರವ ಒತ್ತುತ್ತಾರೆ. ಒಳಗೆ ನೀರು ತಾಗಿದ ಕೂಡಲೇ ಅದು ನೊರೆಯಾಗಿ ಉಬ್ಬುತ್ತೆ. ನಾನು ಕುಕ್ಕರುಗಾಲಲ್ಲಿ ಕೂತು ನೋಡ್ತಾ ಇದ್ದೆ. ಒಂದು ತೂತಿಗೆ ಒತ್ತಿದಾಗ ಮೊದಲು ಮಣ್ಣು ಬಣ್ಣದ ನೀರು ಹೊರಬಂತು. ಆಮೇಲೆ ಒಂದು ಅಡಿ ಆಚೆ, ಬಿರುಕೇ ಇಲ್ಲ ಅಂದುಕೊಂಡಿದ್ದ ಜಾಗದಿಂದ, ಹುದುಗಿದ ದೋಸೆ ಹಿಟ್ಟಿನ ಹಾಗೆ ಹಳದಿ ನೊರೆ ಉಕ್ಕಿತು. ನೀರು ಓಡಾಡುತ್ತಿದ್ದ ದಾರಿ ಅವತ್ತು ಕಣ್ಣಿಗೆ ಕಂಡಿತು. ಈ ಕೆಲಸವನ್ನು ಬೇಸಿಗೆಗೆ ಮುಂದೂಡಬೇಡಿ, ಒಸರುತ್ತಿರುವಾಗಲೇ ಮಾಡಿಸಿದರೆ ಎಲ್ಲಿ ಒತ್ತಬೇಕು ಅಂತ ಗೊತ್ತಾಗುತ್ತೆ.

ರ‍್ಯಾಂಪಿನದ್ದು ಬೇರೆ ಕಥೆ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ನಮ್ಮ ಗೇಟಿಗಿಂತ ಎತ್ತರವಾಗಿದೆ. ಗೇಟಿನ ಬಳಿ 9 ಇಂಚಿನ ದಿಬ್ಬ ಕಟ್ಟಿಸಿದೆವು, ಕಾರಿನ ತಳ ತಾಗದ ಹಾಗೆ ಎರಡೂ ಕಡೆ ಉದ್ದಕ್ಕೆ ಇಳಿಜಾರು ಕೊಟ್ಟು. ಅದರ ಹಿಂದೆ ಅಡ್ಡ ಚರಂಡಿ, ಮೇಲೆ ಕಬ್ಬಿಣದ ಜಾಲರಿ. ಎರಡೂ ಕಂಬಕ್ಕೆ ಚಾನಲ್ ಕೂರಿಸಿದ್ದೇವೆ, ಜೋರು ಮಳೆ ಸೂಚನೆ ಇದ್ದರೆ ವಾಚ್‌ಮನ್ ರಬ್ಬರ್ ಅಂಚಿನ ಹಲಗೆ ಇಳಿಸಿಬಿಡುತ್ತಾರೆ. ಮರಳು ಚೀಲಕ್ಕಿಂತ ಇದು ಎಷ್ಟೋ ವಾಸಿ.

ಮೋರಿ ನೀರಿಗೆ ಹೊರಗಿನ ಲೈನಿನಲ್ಲಿ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿಸಿದೆವು, ಹೊರಗೆ ಹೋದ ನೀರು ವಾಪಸ್ ಬರದ ಹಾಗೆ. ಆ ಕೆಲಸ ಮಾಡುವಾಗ ತಾರಸಿಯ ಒಂದು ಪೈಪನ್ನು ಯಾರೋ ಒಳಚರಂಡಿಗೇ ಜೋಡಿಸಿದ್ದು ಸಿಕ್ಕಿತು. ಎಲ್ಲರ ಮನೆಯಲ್ಲೂ ಹೀಗೆ ಜೋಡಿಸಿದರೆ ಮಳೆ ಬಂದಾಗ ಮ್ಯಾನ್‌ಹೋಲ್ ಉಕ್ಕದೆ ಏನು ಮಾಡುತ್ತೆ? ತಕ್ಷಣ ತೆಗೆಸಿದೆವು.

ಇನ್ನು ಪಂಪು. ಬೇಸ್‌ಮೆಂಟಿನ ತಗ್ಗು ಮೂಲೆಯಲ್ಲಿ ಗುಂಡಿ ಮಾಡಿ, ಕೆಸರು ನೀರು ಎತ್ತುವ ಎರಡು ಸಬ್‌ಮರ್ಸಿಬಲ್ ಪಂಪ್ ಇಟ್ಟಿದ್ದೇವೆ, ನೀರು ಏರಿದರೆ ತಾನೇ ಶುರುವಾಗುವ ಫ್ಲೋಟ್ ಸ್ವಿಚ್ ಸಮೇತ. ಮೀಟರ್ ಬೋರ್ಡು, ಮೇನ್ ಸ್ವಿಚ್, ಪಂಪಿನ ಪ್ಯಾನಲ್ ಎಲ್ಲವನ್ನೂ ಮೇಲಿನ ಮಹಡಿಗೆ ಏರಿಸಿದೆವು, ಪಂಪಿನ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್. ಖರ್ಚಿನಲ್ಲಿ ಇದೇ ಜಾಸ್ತಿ, ಆದರೆ ಇದರಲ್ಲಿ ಒಂದು ರೂಪಾಯಿ ಉಳಿಸೋಕೂ ನಾನು ಒಪ್ಪಲಿಲ್ಲ. ತಿಂಗಳ ಮೊದಲ ಭಾನುವಾರ ಗುಂಡಿಗೆ ನೀರು ಸುರಿದು ಪಂಪ್ ಎದ್ದೇಳುತ್ತಾ ಅಂತ ನೋಡ್ತೀವಿ. ಒಂದು ಸಲ ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡು ಫ್ಲೋಟ್ ಮೇಲೇಳಲೇ ಇಲ್ಲ. ಅದು ಮಳೆಯ ರಾತ್ರಿ ಆಗಿದ್ದರೆ? ಸಂಪಿನ ಬಾಯಿಯನ್ನೂ ಎರಡು ಅಡಿ ಎತ್ತರಿಸಿದ್ದೇವೆ. 2022ರಲ್ಲಿ ಕುಡಿಯುವ ನೀರಿಗೇ ಮೋರಿ ನೀರು ಸೇರಿ, ಪೂರ್ತಿ ಖಾಲಿ ಮಾಡಿ ಉಜ್ಜಿ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುವ ತನಕ 12 ಮನೆಯೂ ಕ್ಯಾನ್ ನೀರಿನಲ್ಲೇ ಬದುಕಿದೆವು.

2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕಡೆ ಅಪಾರ್ಟ್‌ಮೆಂಟಿನಿಂದ ಜನರನ್ನು ದೋಣಿಯಲ್ಲಿ ಕರೆತಂದರಲ್ಲ, ಆ ವಾರ ನಾನು ರಾತ್ರಿ ಎರಡು ಸಲ ಎದ್ದು ಕೆಳಗೆ ಹೋಗಿ ನೋಡಿದೆ. ಹಲಗೆಯ ಆಚೆ ಮೊಣಕಾಲುದ್ದ ನೀರು. ಈಚೆ ಜಾಲರಿಯಲ್ಲಿ ಸಣ್ಣಗೆ ಹರಿಯುವ ಸದ್ದು, ಒಂದು ಪಂಪು ಆಗಾಗ ಎದ್ದು ನಿಲ್ಲುತ್ತಿತ್ತು. ಹಿಂದಿನ ಗೋಡೆಗೆ ಅಂಗೈ ಇಟ್ಟು ನೋಡಿದೆ, ತಣ್ಣಗಿತ್ತು, ಒದ್ದೆ ಇರಲಿಲ್ಲ. ಲಿಫ್ಟ್ ಗುಂಡಿಯ ಒಂದು ಮೂಲೆ ಮಾತ್ರ ಈಗಲೂ ಒಸರುತ್ತೆ. ಅಲ್ಲೂ ಸೀಮೆಸುಣ್ಣದಲ್ಲಿ ಗೆರೆ ಎಳೆದು ತಾರೀಖು ಬರೆಯೋಕೆ ಶುರು ಮಾಡಿದ್ದೀನಿ.