ಲುಕ್ಟಟ್, ಸ್ಟೆಪ್ಟಾನ್, ರ್ಯಾನೌಟವ್: ನನ್ನ ಅನುಭವ

ಹೋದ ವರ್ಷ ನನ್ನ ಹಾಗೇ ಸ್ಪೋಕನ್ ಇಂಗ್ಲಿಷ್ ಹೇಳ್ಕೊಡೋ ಸ್ನೇಹಿತರೊಬ್ರು ನನ್ನ ಕ್ಲಾಸಿಗೆ ಬಂದು ಬೋರ್ಡ್ ನೋಡಿ ನಕ್ಬಿಟ್ರು. ಬೋರ್ಡ್ ಮೇಲೆ ಕನ್ನಡ ಅಕ್ಷರದಲ್ಲಿ ದೊಡ್ಡದಾಗಿ ಲುಕ್ಟಟ್ ಅಂತ ಬರೆದಿದ್ದೆ, ಇಂಗ್ಲಿಷಿನ ಲುಕ್ಡ್ ಅಟ್ (looked at) ಎರಡನ್ನೂ ಅಂಟಿಸಿ ಒಂದೇ ಉಸಿರಲ್ಲಿ ಹೇಳಿಸೋಕೆ. "ಏನ್ ಸಾರ್ ಇದು, ಪಾಠಾನೋ ಮಾಟ ಮಂತ್ರಾನೋ" ಅಂದ್ರು. ಈಗ ಅದೇ ಮಹಾನುಭಾವರು ನೋಟ್ಸ್ ಕಳಿಸಿ ಅಂತ ಎರಡು ಸಲ ಮೆಸೇಜ್ ಹಾಕಿದಾರೆ, ಅದಕ್ಕೇ ಬರೀತಿದೀನಿ, ಪೂರ್ತಿ ಅಲ್ಲ, ಒಂದು ಮುಕ್ಕಾಲು ಭಾಗ.

ವೇಟೆಡ್, ಲುಕ್ಡ್ ಥರದ ಪಾಸ್ಟ್ ಟೆನ್ಸ್ ಅಂದ್ರೇನು, ಅಟ್, ಟು, ಫ್ರಮ್ ಥರದ ಪ್ರೆಪೊಸಿಷನ್ ಅಂದ್ರೇನು ಅಂತ ಕೊರೆಯಲ್ಲ, ಪಾಠ ಮಾಡೋರಿಗೆ ಗೊತ್ತಿರೋದೇ. ನಮ್ಮ ಗೋಳು ಇರೋದು ಎರಡೂ ಬೇರೆ ಬೇರೆಯಾಗಿ ಗೊತ್ತಿರೋ ಸ್ಟೂಡೆಂಟು ಅವೆರಡನ್ನ ಒಟ್ಟಿಗೆ ಬಾಯಿಗೆ ತರೋವಾಗ ಮುಗ್ಗರಿಸೋದ್ರಲ್ಲಿ. "ಐ ವೇಟೆಡ್ ಹಿಮ್", "ಐ ಲಿಸನ್ಡ್ ದ ಸಾಂಗ್", ಬೇಕಾದ ಕಡೆ ಪ್ರೆಪೊಸಿಷನ್ ಇಲ್ಲ. "ವಿ ಡಿಸ್ಕಸ್ಡ್ ಅಬೌಟ್ ಇಟ್", "ಐ ರೀಚ್ಡ್ ಟು ದ ಆಫೀಸ್", ಬೇಡದ ಕಡೆ ಹಾಜರು. ದಿನಾ ಕೇಳಿ ಕೇಳಿ ಒಂದಿನ ನಾನೇ ಮನೇಲಿ ಡಿಸ್ಕಸ್ಡ್ ಅಬೌಟ್ ಅಂದ್ಬಿಟ್ಟೆ, ಆವತ್ತೇ ಇದಕ್ಕೊಂದು ಗತಿ ಕಾಣಿಸ್ಬೇಕು ಅಂತ ಹಠ ಬಂದಿದ್ದು.

ಮೊದಲು ಕಳಕೊಂಡಿದ್ದು ಹೇಳ್ತೀನಿ. ಮೊದಲನೇ ಐಡಿಯಾ ಚಾರ್ಟು. ಗೆ ಅಂದ್ರೆ ಟು, ಅಲ್ಲಿ ಅಂದ್ರೆ ಇನ್, ಇಂದ ಅಂದ್ರೆ ಫ್ರಮ್ ಅಂತ ಬಣ್ಣ ಬಣ್ಣದಲ್ಲಿ ಪ್ರಿಂಟ್ ಹಾಕ್ಸಿ ಲ್ಯಾಮಿನೇಷನ್ ಬೇರೆ ಮಾಡ್ಸಿದೆ, ಆ ಬ್ಯಾಚಿನ ಒಂದು ತಿಂಗಳ ಫೀಸಲ್ಲಿ ಸುಮಾರು ಅರ್ಧ ಅಲ್ಲೇ ಹೋಯ್ತು. ಎರಡೇ ವಾರ. ಪೆನ್ನಿಂದ ಬರೆದೆ ಅನ್ನೋಕೆ ಒಬ್ಬ "ಐ ರೋಟ್ ಫ್ರಮ್ ಎ ಪೆನ್" ಅಂದ, ನನ್ನ ಚಾರ್ಟನ್ನೇ ತೋರಿಸಿ ವಾದ ಮಾಡಿದ, ಅವನ ತಪ್ಪೇನೂ ಇಲ್ಲ. ನಮ್ಮ ಇಂದ ಒಂದೇ ಎಷ್ಟು ಕೆಲಸ ಮಾಡುತ್ತೆ ನೋಡಿ: ಪೆನ್ನಿಂದ ಬರೆದ್ರೆ ರೋಟ್ ವಿತ್, ಆಫೀಸಿಂದ ಬಂದ್ರೆ ಕೇಮ್ ಫ್ರಮ್, ಬಸ್ಸಿಂದ ಇಳಿದ್ರೆ ಗಾಟ್ ಆಫ್, ಕಾರಿಂದ ಇಳಿದ್ರೆ ಗಾಟ್ ಔಟ್ ಆಫ್. ಒಂದು ಪ್ರತ್ಯಯಕ್ಕೆ ಒಂದು ಪ್ರೆಪೊಸಿಷನ್ ಅಂತ ಹೊಂದಿಸೋಕೆ ಹೋದೋರು ಯಾರೂ ಉದ್ಧಾರ ಆಗಿಲ್ಲ.

ಆಮೇಲೆ ಒಂದು ಆಪ್‌ಗೆ ವರ್ಷದ ದುಡ್ಡು ಒಟ್ಟಿಗೆ ಕಟ್ಟಿದೆ, ಒಂದೂವರೆ ತಿಂಗಳಾದ್ಮೇಲೆ ಯಾರೂ ತೆಗೆದು ನೋಡ್ಲಿಲ್ಲ. ಆಮೇಲೆ ಬಾಯಿಪಾಠ. ವರ್ಬು ಪ್ರೆಪೊಸಿಷನ್ನು ಸೇರಿದ 200 ಜೋಡಿ ಎ ಇಂದ ಜೆಡ್ ವರೆಗೆ, ಒಬ್ಬಳು ಹುಡುಗಿ ನಿಜವಾಗ್ಲೂ ಅಷ್ಟನ್ನೂ ಉರು ಹೊಡೆದು ಒಪ್ಪಿಸಿದ್ಲು, ಮಾರನೇ ದಿನ ಬಂದು "ಸಾರಿ ಸರ್, ಐ ವೇಟೆಡ್ ದ ಬಸ್" ಅಂದ್ಲು. ಆ ಬ್ಯಾಚಲ್ಲಿ 6-7 ಜನ ಮಧ್ಯಕ್ಕೇ ಬಿಟ್ರು, ಮೂರು ಜನಕ್ಕೆ ಫೀಸು ವಾಪಸ್ ಕೊಟ್ಟೆ. ಕೇಳಿದ್ದು ಇಬ್ರೇ, ಮೂರನೆಯವರಿಗೆ ನನಗೇ ನಾಚಿಕೆ ಆಗಿ ಕೊಟ್ಟೆ.

ದಾರಿ ಸಿಕ್ಕಿದ್ದು ಫೋನಲ್ಲಿ. "ನಿನ್ನೆ ಏನ್ ಮಾಡಿದ್ರಿ" ಅಂತ ಒಬ್ಬೊಬ್ರದ್ದೂ ಎರಡೆರಡು ನಿಮಿಷ ರೆಕಾರ್ಡ್ ಮಾಡ್ಕೊಂಡು ರಾತ್ರಿ ಕೂತು ಕೇಳ್ತಿದ್ದೆ. ತಪ್ಪು ಮಾಡಿದೋರೆಲ್ಲ ವರ್ಬ್ ಆದ್ಮೇಲೆ ಒಂಚೂರು ನಿಲ್ಲಿಸ್ತಾರೆ. "ಐ ಲುಕ್ಡ್... ದ ಪಿಕ್ಚರ್." ಅರ್ಧ ಸೆಕೆಂಡು ಕೂಡ ಇರಲ್ಲ, ಆದ್ರೆ ಆ ಸಂದೀಲಿ ಕನ್ನಡ ನುಗ್ಗಿಬಿಡುತ್ತೆ. ಚಿತ್ರಾನ ನೋಡ್ದೆ, ಅಟ್ ಯಾಕೆ ಬೇಕು ಅಂತ ತಲೆ ಕೇಳುತ್ತೆ. ಸರಿಯಾಗಿ ಹೇಳೋರಲ್ಲಿ ಆ ಗ್ಯಾಪೇ ಇಲ್ಲ. ಹಾಗಾದ್ರೆ ಗ್ಯಾಪನ್ನೇ ಮುಚ್ಚಿಬಿಟ್ರೆ ಹೇಗೆ ಅನ್ನಿಸ್ತು.

ಮುಚ್ಚೋದು ಹೇಗೆ? ಇಂಗ್ಲಿಷ್ ಅಕ್ಷರದಲ್ಲಿ ಬರೆದ್ರೆ ಎರಡು ಪದದ ಮಧ್ಯ ಜಾಗ ಕಾಣುತ್ತೆ, ಕಣ್ಣು ನಿಂತಲ್ಲಿ ಬಾಯೂ ನಿಲ್ಲುತ್ತೆ. ಕನ್ನಡದಲ್ಲಿ ಒತ್ತಕ್ಷರ ಹಾಕಿ ಅಂಟಿಸಿಬಿಟ್ರೆ ನಿಲ್ಲೋಕೆ ಜಾಗಾನೇ ಇಲ್ಲ! ಲುಕ್ಡ್ ಅನ್ನೋದ್ರ ಕೊನೆ ಟ್ ಶಬ್ದ, ಅದರ ಮುಂದೆ ಅಟ್ ಬಂದ್ರೆ ಲುಕ್ಟಟ್. ಸ್ಟೆಪ್ಡ್ ಆನ್ ಹೋಗಿ ಸ್ಟೆಪ್ಟಾನ್. ಟರ್ನ್ಡ್ ಆಫ್ ಆದ್ರೆ ಅಲ್ಲಿ ಡ್ ಶಬ್ದ, ಟರ್ನ್ಡಾಫ್. ವೇಟೆಡ್ ಫಾರ್ ಅನ್ನೋದು ವೇಟಿಡ್ಫರ್. ರ್ಯಾನ್ ಔಟ್ ಆಫ್ ಮೂರೂ ಸೇರಿ ರ್ಯಾನೌಟವ್. ಸಂಧಿ ಮಾಡೋದು ನಮಗೆ ಯಾರೂ ಕಲಿಸ್ಬೇಕಾಗಿಲ್ಲ, ಅಲ್ಲಿ ಇದ್ದೆ ಅನ್ನೋದನ್ನ ಬಿಡಿಸಿ ಹೇಳೋರು ಯಾರಿದ್ದಾರೆ, ಅಲ್ಲಿದ್ದೆ ಅಂತಾನೇ ಬರುತ್ತೆ. ಅದೇ ನಾಲಿಗೆಗೆ ಇದನ್ನೂ ಕೊಟ್ಟೆ ಅಷ್ಟೇ. ಲಾಭ ಇನ್ನೊಂದು, ವರ್ಬ್ ಕೊನೇಲಿ ಬರೋ ಇಡಿ (-ed) ಎಲ್ಲಿ ಟ್, ಎಲ್ಲಿ ಡ್, ಎಲ್ಲಿ ಇಡ್ ಅನ್ನೋ ಪಾಠಾನ ಬೇರೆ ಮಾಡೋ ಅವಶ್ಯಕತೇನೇ ಬೀಳ್ಲಿಲ್ಲ, ಫ್ರೀಯಾಗಿ ಬಂತು.

ದಿನಕ್ಕೆ 4 ಜೋಡಿ, ಹೆಚ್ಚು ಬೇಡ. 10 ದಿನಕ್ಕೆ 40. ಯಾವ 40, ಯಾವ ಆರ್ಡರಲ್ಲಿ ಅನ್ನೋದು ನನ್ನ ಹತ್ರಾನೇ ಇರ್ಲಿ, ಅದಕ್ಕೆ ಏಳೆಂಟು ತಿಂಗಳು ತಲೆ ಕೆಡಿಸ್ಕೊಂಡಿದೀನಿ. ಒಂದೇ ಸುಳಿವು ಕೊಡ್ತೀನಿ, ಅಟ್ ಇಂದ ಶುರು ಮಾಡಿ, ಟು ಇಂದ ಬೇಡ. ಟು ಮೊದಲು ಕಲಿಸಿದ್ರೆ ಗೆ ಪ್ರತ್ಯಯ ಬಂದು ಅದರ ಹೆಗಲ ಮೇಲೆ ಕೂತ್ಕೊಳುತ್ತೆ, ಆಮೇಲೆ ಇಳಿಸೋದು ಕಷ್ಟ.

ಇದ್ರ ಮಧ್ಯೆ ಒಂದು ತಮಾಷೆ ಪ್ರಯೋಗ ಮಾಡಿದ್ದೆ. ಅವನಿಗೆ ಎಸೆದೆ ಅಂದ್ರೆ ಕನ್ನಡದಲ್ಲಿ ಹಿಡ್ಕೊಳ್ಲಿ ಅಂತ ಎಸೆದ್ರೂ ಗೆ, ಪೆಟ್ಟು ಬೀಳ್ಲಿ ಅಂತ ಎಸೆದ್ರೂ ಗೆ. ಇಂಗ್ಲಿಷಲ್ಲಿ ಹಿಡ್ಕೊಳ್ಳೋಕೆ ಥ್ರೂ (threw) ಟು, ಹೊಡೆಯೋಕೆ ಥ್ರೂ ಅಟ್. ಪೇಪರ್ ಉಂಡೆ ಮಾಡಿ ಒಂದು ಸಲ ಮೆತ್ತಗೆ ಎಸೆದೆ, ಒಂದು ಸಲ ಮುಖಕ್ಕೇ ಎಸೆದೆ, ಯಾವುದು ಅಂತ ಅವರು ಕೂಗ್ಬೇಕು. ಹತ್ತೇ ನಿಮಿಷ, ಇವತ್ತಿಗೂ ಯಾರೂ ಮರೆತಿಲ್ಲ. ಶೌಟೆಡ್ ಟು, ಶೌಟೆಡ್ ಅಟ್ ಕೂಡ ಅದೇ ಲೆಕ್ಕ, ದೂರದಲ್ಲಿರೋನಿಗೆ ಕೇಳ್ಲಿ ಅಂತ ಕೂಗಿದ್ರೆ ಟು, ಸಿಟ್ಟಲ್ಲಿ ರೇಗಿದ್ರೆ ಅಟ್. ಎಲ್ಲಾ ಜೋಡಿಗೂ ಹಿಂಗೇ ನಾಟಕ ಮಾಡೋಣ ಅಂತ ಹೊರಟು ಡಿಪೆಂಡೆಡ್ ಆನ್ ಹತ್ರ ಬಂದು ಸೋತೆ, ಅದನ್ನ ಏನಂತ ನಟಿಸೋದು.

ಪ್ರೆಪೊಸಿಷನ್ನೇ ಬೇಡದ ವರ್ಬ್‌ಗಳಿಗೆ ನಾನು ಬರಿಗೈ ಗ್ಯಾಂಗ್ ಅಂತ ಹೆಸರಿಟ್ಟಿದೀನಿ. ರೀಚ್ಡ್, ಡಿಸ್ಕಸ್ಡ್, ಟೋಲ್ಡ್, ರೂಮಿಗೆ ಕಾಲಿಡೋ ಎಂಟರ್ಡ್, ಇಂಥವು. ಇವನ್ನ ಹೇಳೋವಾಗ ವರ್ಬ್ ಆದ ತಕ್ಷಣ ಎರಡೂ ಕೈ ಬಿಚ್ಚಿ ತೋರಿಸ್ಬೇಕು, ಏನೂ ಇಲ್ಲ ಅಂತ. ದೊಡ್ಡ ದೊಡ್ಡ ಮ್ಯಾನೇಜರುಗಳೂ ಕೈ ಬಿಚ್ಚಿದಾರೆ ನನ್ನ ಕ್ಲಾಸಲ್ಲಿ.

ಕೈ ಕೊಟ್ಟಿದ್ದು ಪ್ರಶ್ನೆಗಳು. ಲುಕ್ಟಟ್ ಗಟ್ಟಿ ಆದೋರೆಲ್ಲ "ವಾಟ್ ಡಿಡ್ ಯೂ ಲುಕ್ಟಟ್" ಅಂತ ಶುರು ಹಚ್ಕೊಂಡ್ರು, ಡಿಡ್ ಬಂದ್ಮೇಲೆ ಲುಕ್ ಅಟ್ ಆಗ್ಬೇಕಲ್ಲ. ಒಂದು ವಾರ ನಿದ್ದೆ ಇಲ್ಲ. ಕೊನೆಗೆ ಡಿಡ್ ಬಂದು ಟ್ ಕದ್ಕೊಂಡು ಹೋಯ್ತು ಅಂತ ಕತೆ ಕಟ್ಟಿದೆ, ಲುಕ್ಟಟ್ ಹೋಗಿ ಲುಕಟ್. ಟರ್ನ್ಡಾಫ್ ಹೋಗಿ ಟರ್ನಾಫ್. ವೆಂಟ್, ಫೆಲ್ ಥರದವಕ್ಕೆ ಈ ಕಳ್ಳತನದ ಕತೆ ನಡೆಯಲ್ಲ, ಅದಕ್ಕೆ ಬೇರೆ ಉಪಾಯ ಇದೆ, ಅದನ್ನ ಇಲ್ಲಿ ಬರೆಯಲ್ಲ. ಟರ್ನ್ಡ್ ಇಟ್ ಆಫ್ ಅಂತ ಇಟ್ ಮಧ್ಯಕ್ಕೆ ಬರೋದಕ್ಕೆ ಟರ್ನ್ಡಿಟಾಫ್ ಅಂತ ಬರೆಸಿದೆ ಮುಗೀತು. ಲುಕ್ಡ್ ಆಫ್ಟರ್ ಇಟ್ ಥರದವು ಹೀಗೆ ಒಡೆಯಲ್ಲ, ಅವನ್ನ ಬೋರ್ಡಲ್ಲಿ ಕೆಂಪಲ್ಲಿ ಬರೀತೀನಿ.

ಲೆಕ್ಕ ಕೇಳೋರಿಗೆ: ಮೊದಲನೇ ದಿನದ ಎರಡು ನಿಮಿಷದ ರೆಕಾರ್ಡಿಂಗಲ್ಲಿ ತಲೆಗೆ 8-9 ತಪ್ಪು ಇರ್ತಿತ್ತು, ಎರಡು ತಿಂಗಳಾದ್ಮೇಲೆ 2, ಕೆಲವರಿಗೆ 1. ನೆನಪಿಂದ ಹೇಳ್ತಿದೀನಿ, ಆದ್ರೆ ದೊಡ್ಡ ವ್ಯತ್ಯಾಸ ಇರಲ್ಲ. ಕಳೆದ ಎರಡು ಬ್ಯಾಚಲ್ಲಿ ಫೀಸು ವಾಪಸ್ ಕೇಳಿದೋರು ಒಬ್ರೂ ಇಲ್ಲ, ಇನ್ನೇನು ಸಾಕ್ಷಿ ಬೇಕು. ಖರ್ಚು ಅಂದ್ರೆ ಬೋರ್ಡ್ ಮಾರ್ಕರ್ ಒಂದೇ.

ಒಂದು ಎಡವಟ್ಟು ಇನ್ನೂ ಹಾಗೇ ಇದೆ. ಮಾತು ಸರಿ ಹೋಯ್ತು, ಈಗ ಬರವಣಿಗೇಲಿ ಇಬ್ಬರು ಮೂವರು ಲುಕ್ಡ್ ಅನ್ನೋದನ್ನ ಟಿ ಹಾಕಿ ಬರೀತಾರೆ, ಒಬ್ಬ ಅಂತೂ ಆಫೀಸ್ ಇಮೇಲಲ್ಲಿ ಸ್ಟೆಪ್ಟಾನ್ ಅಂತ ಒಂದೇ ಪದ ಮಾಡಿ ಬಾಸಿಗೇ ಕಳಿಸಿದಾನೆ. ಹಾಗಾಗಿ ಈ ಬ್ಯಾಚಲ್ಲಿ ಮೂರನೇ ವಾರಕ್ಕೇ ಕನ್ನಡ ಅಕ್ಷರ ಅಳಿಸಿ ಇಂಗ್ಲಿಷ್ ಸ್ಪೆಲಿಂಗ್ ಕೆಳಗೆ ಒಂದು ಗೆರೆ ಎಳೆಸ್ತಿದೀನಿ, ವರ್ಬಿಂದ ಪ್ರೆಪೊಸಿಷನ್ ತನಕ ಪೆನ್ ಎತ್ತಂಗಿಲ್ಲ. ಸದ್ಯಕ್ಕೆ 5 ಜನರ ಮೇಲೆ ನಡೀತಿದೆ.