ಅರ್ಧ ಬಿಚ್ಚಿದ ಎಂಜಿನ್ನಿನಿಂದ ಮಡ್ಡಿ ತೆಗೆಯುವ ಕ್ರಮ

ಎಂಜಿನ್ನಿನ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರ್ ಎತ್ತಿದ ಕೂಡಲೇ ಕಾಕಂಬಿಯಂತೆ ಕಪ್ಪಗೆ, ದಪ್ಪಗೆ ಕಟ್ಟಿಕೊಂಡ ಮಡ್ಡಿ ಕಣ್ಣಿಗೆ ಬಿದ್ದರೆ, ಒಂದು ಕ್ಯಾನ್ ಸೀಮೆಎಣ್ಣೆಯನ್ನು ಮೇಲಿನಿಂದ ಸುರಿದು ತೊಳೆದುಬಿಡೋಣ ಎನಿಸುವುದು ಸಹಜ. ದಯವಿಟ್ಟು ಹಾಗೆ ಮಾಡಬೇಡಿ. ಮಡ್ಡಿ ಇದ್ದಲ್ಲೇ ಇರುವಷ್ಟು ದಿನ ಎಂಜಿನ್ ಹೇಗೋ ಓಡುತ್ತಿರುತ್ತದೆ. ಅದು ಚೂರುಚೂರಾಗಿ ಕಳಚಿ, ಕೆಳಗಿಳಿದು, ಪಂಪ್ ಎಣ್ಣೆ ಎಳೆದುಕೊಳ್ಳುವ ಬಾಯಿಯಲ್ಲಿರುವ ಸೋಸುಕ, ಅಂದರೆ ಸ್ಟ್ರೈನರಿನ ಜಾಲರಿಯನ್ನು ಮುಚ್ಚಿದ ದಿನ ಬೇರಿಂಗುಗಳಿಗೆ ಎಣ್ಣೆ ನಿಲ್ಲುತ್ತದೆ. ಆದ್ದರಿಂದ ಎಂಜಿನ್ನಿನ ಒಳಭಾಗವನ್ನು ಹೊಳೆಯುವಂತೆ ಮಾಡುವುದು ಈ ಕೆಲಸದ ಗುರಿಯಲ್ಲ. ಎಣ್ಣೆ ಹೋಗುವ ಮತ್ತು ಮರಳುವ ದಾರಿಗಳನ್ನು ತೆರವು ಮಾಡಬೇಕು, ಕಿತ್ತ ಮಡ್ಡಿಯ ಒಂದು ಚೂರೂ ಆ ದಾರಿಗಳೊಳಗೆ ಉಳಿಯದಂತೆ ನೋಡಿಕೊಳ್ಳಬೇಕು.

ಇಲ್ಲಿ ನಾನು ಉದಾಹರಣೆಗೆ ತೆಗೆದುಕೊಂಡಿರುವುದು ಹಳೆಯ ಮಾರುತಿ 800 ಕಾರಿನ 796 ಸಿಸಿ, 3 ಸಿಲಿಂಡರಿನ ಎಂಜಿನ್. ಹೆಡ್ (ಸಿಲಿಂಡರುಗಳ ಮೇಲೆ ಕೂರುವ ಭಾಗ) ಮತ್ತು ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ತಮ್ಮ ಜಾಗದಲ್ಲೇ ಇವೆ. ಟ್ಯಾಪೆಟ್ ಕವರ್, ಆಯಿಲ್ ಚೇಂಬರ್ (ಎಂಜಿನ್ನಿನಡಿಯ ಎಣ್ಣೆ ತೊಟ್ಟಿ) ಮತ್ತು ಸ್ಟ್ರೈನರ್ ಮಾತ್ರ ಕಳಚಿವೆ. ನಮ್ಮ ಮನೆಯ ಕಾರು ಮಲೆನಾಡಿನ ಮಳೆಯಲ್ಲಿ ವರ್ಷಗಟ್ಟಲೆ ದಿನಕ್ಕೆ 3–4 ಕಿಲೋಮೀಟರ್ ಮಾತ್ರ ಓಡುತ್ತಿತ್ತು. ಅಷ್ಟು ಕಡಿಮೆ ಓಟದಲ್ಲಿ ಎಣ್ಣೆ ಸಾಕಷ್ಟು ಕಾಯುವುದಿಲ್ಲ. ಒಳಗೆ ಕೂಡುವ ನೀರಿನ ಪಸೆಯೂ ಪಿಸ್ಟನ್ ರಿಂಗುಗಳನ್ನು ದಾಟಿ ಬರುವ ಹೊಗೆಯೂ ಹೊರಹೋಗದೆ ಎಣ್ಣೆಯಲ್ಲೇ ಬೆರೆತು ಉಳಿಯುತ್ತವೆ. ಅದರ ಮೇಲೆ ಎಣ್ಣೆ ಬದಲಿಸುವುದೂ ತಡವಾದರೆ ಮಡ್ಡಿ ಕಟ್ಟದೆ ಇರುವುದಿಲ್ಲ.

ಕೈ ಹಾಕುವ ಮೊದಲು ಮಡ್ಡಿಯ ಬಣ್ಣವನ್ನು ನೋಡಿ. ಎಣ್ಣೆ ತುಂಬುವ ಮುಚ್ಚಳದ ಅಡಿಯಲ್ಲಿ ಮಾತ್ರ ಗಟ್ಟಿ ಮಜ್ಜಿಗೆಯಂಥ ಪದರ ಇದ್ದರೆ ಅದು ಸಾಮಾನ್ಯವಾಗಿ ತೇವದ ಫಲ. ಆದರೆ ಚೇಂಬರಿನಿಂದ ಇಳಿಸಿದ ಎಣ್ಣೆಯೆಲ್ಲವೂ ಹಾಲು ಬೆರೆಸಿದಂತಿದ್ದು, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ, ಹೆಡ್ ಗ್ಯಾಸ್ಕೆಟ್ ಹೋಗಿದೆಯೇ ಎಂದು ಮೊದಲು ಪರೀಕ್ಷಿಸಬೇಕು. ಆ ತೊಂದರೆಯನ್ನು ಬಿಟ್ಟು ಬರಿಯ ಮಡ್ಡಿ ತೆಗೆದರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಕಾರಿನಡಿ ಮಲಗಿ ಮಾಡಬೇಕಾದ ಕೆಲಸವಾದ್ದರಿಂದ ಜಾಕ್ ಒಂದನ್ನೇ ನಂಬದೆ ಗಟ್ಟಿ ಸ್ಟ್ಯಾಂಡುಗಳ ಮೇಲೆ ಕಾರನ್ನು ಕೂರಿಸಿ, ಬ್ಯಾಟರಿಯ ತಂತಿಯನ್ನು ಕಳಚಿಡಿ. ಸ್ಪಾರ್ಕ್ ಪ್ಲಗ್ಗುಗಳು ತಮ್ಮ ಜಾಗದಲ್ಲೇ ಇರಲಿ. ಕಾರ್ಬುರೇಟರಿನ ಬಾಯಿಗೆ ಬಟ್ಟೆ ಕಟ್ಟಿ. ಟೈಮಿಂಗ್ ಬೆಲ್ಟಿನ ಕಡೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಏಕೆಂದರೆ ಸೀಮೆಎಣ್ಣೆಯಾಗಲಿ ಎಂಜಿನ್ ಆಯಿಲ್ ಆಗಲಿ ತಗುಲಿದರೆ ಬೆಲ್ಟಿನ ರಬ್ಬರ್ ಕೆಡುತ್ತದೆ. ಕೈಗೆ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ. ಹಳೆಯ ಎಂಜಿನ್ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ.

ಮೊದಲ ಸುತ್ತಿನ ಕೆಲಸವನ್ನು ಒಣಗಿದ್ದಂತೆಯೇ ಮಾಡಬೇಕು. ಸೀಮೆಎಣ್ಣೆ ಮುಟ್ಟಿಸುವ ಮೊದಲೇ ಬಿದಿರಿನ ಸೀಳು, ಹಳೆಯ ಪ್ಲಾಸ್ಟಿಕ್ ಕಾರ್ಡ್ ಅಥವಾ ಮರದ ಚಮಚದಿಂದ ಕೈಗೆ ಸಿಕ್ಕಷ್ಟು ಮಡ್ಡಿಯನ್ನು ಬಳಿದು ತೆಗೆದು ಡಬ್ಬಿಗೆ ಹಾಕಿ. ಹೆಡ್ಡಿನ ಮೂಲೆಗಳಲ್ಲಿ, ಎಣ್ಣೆ ಕೆಳಗಿಳಿಯುವ ತೂತುಗಳ ಸುತ್ತ ಅದು ಹೆಚ್ಚು. ಬಳಿಯುವಾಗ ತೂತುಗಳಿಗೆ ಬಟ್ಟೆಯ ಬಿರಡೆ ಇಡಿ, ಎಷ್ಟು ಇಟ್ಟಿರೆಂದು ಎಣಿಸಿಟ್ಟುಕೊಳ್ಳಿ, ಕೊನೆಗೆ ಅಷ್ಟನ್ನೂ ಹೊರತೆಗೆಯಿರಿ. ತಂತಿ ಬ್ರಷ್, ಮರಳು ಕಾಗದ, ಪಾತ್ರೆ ಉಜ್ಜುವ ಒರಟು ನಾರು ಬೇಡವೇ ಬೇಡ: ಅವುಗಳಿಂದ ಉದುರುವ ಗಟ್ಟಿ ಪುಡಿ ಬೇರಿಂಗಿನ ಮೆದು ಲೋಹದಲ್ಲಿ ಹೂತುಕೊಂಡು ಕ್ರ್ಯಾಂಕನ್ನು ಸವೆಸುತ್ತದೆ. ಕಾಸ್ಟಿಕ್ ಸೋಡಾ ಅಲ್ಯುಮಿನಿಯಮ್ಮನ್ನೇ ತಿನ್ನುತ್ತದೆ. ಪೆಟ್ರೋಲಿನ ಆವಿ ತಣ್ಣನೆಯ ಹವೆಯಲ್ಲೂ ಒಂದು ಕಿಡಿಗೆ ಹೊತ್ತಿಕೊಳ್ಳುವುದರಿಂದ ಅದನ್ನು ಶೆಡ್ಡಿನೊಳಗೆ ತರಲೇಬಾರದು. ಸೀಮೆಎಣ್ಣೆ ಸಿಗದಿದ್ದರೆ ಡೀಸೆಲ್ ಸಾಕು, ಆದರೆ ಅವುಗಳ ಬಳಿಯೂ ಬೆಂಕಿ, ಬೀಡಿ ಇರಬಾರದು.

ಒರೆಸುವ ಬಟ್ಟೆಯ ಬಗ್ಗೆ ಒಂದು ಮಾತು. ನಾನು ಮೊದಲ ಸಲ ಅಂಗಡಿಯಲ್ಲಿ ಸಿಗುವ ದಾರದ ವೇಸ್ಟನ್ನು ಬಳಸಿದ್ದೆ. ಕೆಲವು ವಾರಗಳ ನಂತರ ಚೇಂಬರನ್ನು ಮತ್ತೆ ಇಳಿಸಿದಾಗ ಸ್ಟ್ರೈನರಿನ ಜಾಲರಿಯ ಮೇಲೆ ಬಿಳಿ ಎಳೆಗಳು ಜೇಡರ ಬಲೆಯಂತೆ ಹೆಣೆದುಕೊಂಡಿದ್ದವು, ಅವುಗಳಿಗೆ ಮಡ್ಡಿಯ ಕಾಳುಗಳು ಅಂಟಿದ್ದವು. ಅಂದಿನಿಂದ ಎಳೆ ಬಿಡದ ಹಳೆಯ ಬನಿಯನ್ ಬಟ್ಟೆಯನ್ನು ಬಿಟ್ಟು ಬೇರೇನನ್ನೂ ಎಂಜಿನ್ನಿನೊಳಗೆ ಹಾಕಿಲ್ಲ.

ಬಳಿದಾದ ಮೇಲೆ ಕೆಳಗೆ ಅಗಲವಾದ ಟ್ರೇ ಇಟ್ಟು, ಉಳಿದ ಪದರಕ್ಕೆ ಬ್ರಷ್ಷಿನಿಂದ ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ನೆನೆಯಲು ಬಿಡಿ. ನೆನೆದದ್ದನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಡಿಲಿಸಿ ಒರೆಸಿ. ನಂತರ ಬಿರಡೆಗಳನ್ನು ತೆಗೆದು, ಎಣ್ಣೆ ಕೆಳಗಿಳಿಯುವ ತೂತುಗಳಲ್ಲಿ ಸಣ್ಣ ಬಾಟಲಿ ಬ್ರಷ್ ಆಡಿಸಿ, ಮೇಲಿನಿಂದ ಸೀಮೆಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಸುರಿದು, ಅದು ಕೆಳಗೆ ಟ್ರೇಗೆ ತಡೆಯಿಲ್ಲದೆ ಬೀಳುತ್ತದೆಯೇ ಎಂದು ನೋಡಿ. ಲೋಹಕ್ಕೆ ಅಂಟಿದ ತೆಳುವಾದ ಕಂದು ಲೇಪ ಉಗುರಿಗೂ ಏಳದಿದ್ದರೆ ಅದನ್ನು ಹಾಗೆಯೇ ಬಿಡಿ. ಅದರಿಂದ ಹಾನಿಯಿಲ್ಲ, ಕೆರೆಯಲು ಹೋದರೆ ಹಾನಿ ಹೆಚ್ಚು.

ಸ್ಟ್ರೈನರಿಗೆ ನಿಮ್ಮ ಸಮಯದಲ್ಲಿ ದೊಡ್ಡ ಪಾಲು ಕೊಡಿ. ಅದನ್ನು ಒಂದು ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟು, ಮರುದಿನ ಕೊಳವೆಯ ಕಡೆಯಿಂದ, ಅಂದರೆ ಎಣ್ಣೆ ಹರಿಯುವ ದಿಕ್ಕಿಗೆ ವಿರುದ್ಧವಾಗಿ, ಕಂಪ್ರೆಸರಿನ ಗಾಳಿ ಹೊಡೆಯಿರಿ. ಆಮೇಲೆ ಬಿಸಿಲಿಗೆ ಹಿಡಿದು ನೋಡಿದರೆ ಜಾಲರಿಯ ಒಂದೊಂದು ಕಣ್ಣೂ ತೆರೆದಿರಬೇಕು. ಮಧ್ಯದ ಕಣ್ಣುಗಳು ತೆರೆದಿದ್ದು ಅಂಚಿನ ಸುತ್ತ ಕಪ್ಪು ಉಳಿದಿದ್ದರೆ ಇನ್ನೊಂದು ರಾತ್ರಿ ನೆನೆಸಿ. ಆಗಲೂ ಬಿಡದಿದ್ದರೆ ಹೊಸದನ್ನೇ ಹಾಕಿ. ಕೊಳವೆ ಕೂರುವ ಜಾಗದ ಪ್ಯಾಕಿಂಗ್ ಅಥವಾ ರಿಂಗನ್ನು ಮರಳಿ ಬಳಸಬೇಡಿ. ಅಲ್ಲಿ ಗಾಳಿ ನುಸುಳಿದರೆ ಪಂಪ್ ಎಣ್ಣೆಯನ್ನು ಸರಿಯಾಗಿ ಎಳೆಯುವುದಿಲ್ಲ.

ಟ್ಯಾಪೆಟ್ ಕವರಿನ ಒಳಗಿನ ತಗಡಿನ ಹಿಂದೆಯೂ ಮಡ್ಡಿ ಅಡಗಿರುತ್ತದೆ. ಕವರನ್ನು ನೆನೆಸಿ, ಅಲುಗಾಡಿಸಿ, ಹೊರಬರುವ ದ್ರವ ತಿಳಿಯಾಗುವವರೆಗೆ ತೊಳೆಯಿರಿ. ಎಂಜಿನ್ನಿನೊಳಗಿನ ಹೊಗೆ ಹೊರಹೋಗುವ ಬ್ರೀದರ್ ಪೈಪಿನಲ್ಲಿ ಊದಿದರೆ ಗಾಳಿ ಸರಾಗವಾಗಿ ದಾಟಬೇಕು. ಆ ಹೊಗೆಯನ್ನು ಮತ್ತೆ ಎಂಜಿನ್ ಎಳೆದುಕೊಳ್ಳುವ ಗಾಳಿಗೆ ಬಿಡುವ ಪಿಸಿವಿ ವಾಲ್ವ್ ಇದ್ದರೆ ಅದು ಕಟ್ಟಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಿ, ಅನುಮಾನವಿದ್ದರೆ ಬದಲಿಸಿ. ಈ ದಾರಿ ಮುಚ್ಚಿದ್ದರೆ ಮಡ್ಡಿ ಮತ್ತೆ ಕಟ್ಟುತ್ತದೆ.

ಚೇಂಬರಿನ ತಳದಲ್ಲಿ ಸಿಕ್ಕಿದ ಗಸಿಯನ್ನು ಪರೀಕ್ಷಿಸದೆ ಎಸೆಯಬೇಡಿ. ಹಾಲು ಸೋಸುವಂಥ ಬಿಳಿ ಬಟ್ಟೆಯಲ್ಲಿ ಅದನ್ನು ಸೋಸಿ, ಮೇಲೆ ಉಳಿದದ್ದರಲ್ಲಿ ಅಯಸ್ಕಾಂತ ಆಡಿಸಿ. ಅಯಸ್ಕಾಂತಕ್ಕೆ ನವಿರಾದ ಕಪ್ಪು ಹುಡಿ ಮೆತ್ತಿದರೆ ಅದು ಮಾಮೂಲಿ ಸವೆತ. ಅಯಸ್ಕಾಂತಕ್ಕೆ ಅಂಟದ, ತಾಮ್ರದ ಬಣ್ಣದ ಅಥವಾ ಬೆಳ್ಳಗೆ ಮಿನುಗುವ ಚಕ್ಕೆಗಳು ಕಂಡರೆ ಬೇರಿಂಗುಗಳು ಆಗಲೇ ಸವೆದಿರಬಹುದು. ಅಂಥ ಎಂಜಿನ್ನನ್ನು ಮುಚ್ಚದೆ, ಕೆಳಭಾಗವನ್ನು ಬಿಚ್ಚಿ ನೋಡಬಲ್ಲ ಮೆಕ್ಯಾನಿಕ್ಕಿಗೆ ಒಪ್ಪಿಸಿ.

ಜೋಡಿಸುವ ಮೊದಲು ವಾಲ್ವುಗಳನ್ನು ತೆರೆಯುವ ಕ್ಯಾಮ್ ಮತ್ತು ರಾಕರುಗಳ ಮೇಲೆ ಹೊಸ ಎಂಜಿನ್ ಆಯಿಲ್ ಸುರಿದು ಉಳಿದ ಸೀಮೆಎಣ್ಣೆಯನ್ನು ಟ್ರೇಗೆ ಇಳಿಸಿ. ಚೇಂಬರಿನ ಅಂಚಿಗೆ ಸೋರದಂತೆ ಗಮ್ ಹಚ್ಚುವುದಾದರೆ ಸಣ್ಣ ಎಳೆಯಷ್ಟೇ ಸಾಕು. ಹೆಚ್ಚಾದದ್ದು ಒಳಗೆ ಉಬ್ಬಿ, ಹರಿದು, ಆಗಷ್ಟೇ ತೊಳೆದ ಸ್ಟ್ರೈನರಿಗೇ ಹೋಗಿ ಕೂರುತ್ತದೆ. ಬೋಲ್ಟುಗಳನ್ನು ಅಡ್ಡಡ್ಡ ಸರದಿಯಲ್ಲಿ, ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿ ಮಾಡಿ.

ಹೊಸ ಫಿಲ್ಟರ್ ಹಾಕಿ, ಕೈಪಿಡಿ ಹೇಳುವ ಗ್ರೇಡಿನ ಸಾಧಾರಣ ಬೆಲೆಯ ಎಣ್ಣೆ ತುಂಬಿ. ಇದು ಹೆಚ್ಚು ದಿನ ಇರುವ ಎಣ್ಣೆಯಲ್ಲ. ಬ್ಯಾಟರಿಯ ತಂತಿಯನ್ನು ಮರಳಿ ಕೂಡಿಸಿ, ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಇಗ್ನಿಷನ್ ಕಾಯಿಲಿಗೆ ಬರುವ ತಂತಿ ಕಳಚಿ, 10 ಸೆಕೆಂಡಿನಂತೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಆಯಿಲ್ ಲೈಟ್ ಆರಿದ ಮೇಲೆಯೇ ಎಲ್ಲವನ್ನೂ ಮರಳಿ ಜೋಡಿಸಿ ಎಂಜಿನ್ ಚಾಲೂ ಮಾಡಿ, 15–20 ನಿಮಿಷ ಐಡ್ಲಿಂಗಿನಲ್ಲಿ ಓಡಿಸಿ, ಬಿಸಿ ಇರುವಾಗಲೇ ಎಣ್ಣೆಯನ್ನೂ ಫಿಲ್ಟರನ್ನೂ ತೆಗೆಯಿರಿ. ಎರಡನೆಯ ಎಣ್ಣೆಯನ್ನು 500 ಕಿಲೋಮೀಟರಿಗೆ ಬದಲಿಸಿ, ತೆಗೆದ ಫಿಲ್ಟರನ್ನು ಕತ್ತರಿಸಿ ಅದರ ಕಾಗದದ ಮಡಿಕೆಗಳಲ್ಲಿ ಏನು ಸಿಕ್ಕಿದೆಯೆಂದು ನೋಡಿ. ಹಳೆಯ ಎಣ್ಣೆ, ಮಡ್ಡಿ, ತೊಳೆದ ಸೀಮೆಎಣ್ಣೆ ಯಾವುದನ್ನೂ ಚರಂಡಿಗಾಗಲಿ ತೋಟದ ಮಣ್ಣಿಗಾಗಲಿ ಸುರಿಯಬೇಡಿ. ಕೇಂದ್ರ ಸರ್ಕಾರದ 2016ರ ಅಪಾಯಕಾರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಡಬ್ಬಿಯಲ್ಲಿ ತುಂಬಿ, ಮರುಬಳಕೆದಾರರಿಗೆ ಸಾಗಿಸುವ ವರ್ಕ್‌ಶಾಪಿಗೆ ಕೊಡಿ.

ಆ 500 ಕಿಲೋಮೀಟರಿನೊಳಗೆ, ಎಂಜಿನ್ ಬಿಸಿಯಾಗಿ ಐಡ್ಲಿಂಗಿನಲ್ಲಿ ನಿಂತಿರುವಾಗ ಆಯಿಲ್ ಲೈಟ್ ಒಮ್ಮೆ ಮಿನುಗಿದರೂ ಅಲ್ಲೇ ನಿಲ್ಲಿಸಿ, ಟೋ ಮಾಡಿಸಿ ಮನೆಗೆ ತಂದು, ಚೇಂಬರ್ ಇಳಿಸಿ ಸ್ಟ್ರೈನರನ್ನು ಇನ್ನೊಮ್ಮೆ ಬಿಸಿಲಿಗೆ ಹಿಡಿದು ನೋಡಿ.